ಅಧಿಕ ಸೋಮವಾರ

ಸೋಮವಾರ ನಮ್ಮ ಮನೆಯ ಸ್ಕೂಟರು ಹೊರಗೆ ಹೋಗುವುದಿಲ್ಲ. ಹೇಳಿದರೆ ನಗುತ್ತೀರಿ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಭಾನುವಾರ ಸಂಜೆ ಅದನ್ನು ಒರೆಸಿ ಚಪ್ಪರದ ಕೆಳಗೆ ನಿಲ್ಲಿಸಿದರೆ ಮತ್ತೆ ಅದಕ್ಕೆ ಕೀಲಿ ಹಾಕುವುದು ಮಂಗಳವಾರ ಬೆಳಿಗ್ಗೆಯೇ. ಯಲ್ಲಾಪುರದ ನಮ್ಮ ಓಣಿಯವರು ಮೊದಮೊದಲು ಇದಕ್ಕೆ ಏನೇನೋ ಕಾರಣ ಹುಡುಕಿದರು. ಒಬ್ಬರು ಜಾತಕದಲ್ಲಿ ದೋಷವಿರಬೇಕು ಎಂದರು. ಇನ್ನೊಬ್ಬರು ಪೆಟ್ರೋಲಿನ ಜಿಪುಣತನ ಎಂದರು. ಗ್ಯಾರೇಜಿನ ಯಜಮಾನರು ಮಾತ್ರ ನಿಜವಾದ ಕಾಳಜಿಯಿಂದ, "ಹೀಗೆ ನಿಲ್ಲಿಸಿದ್ರೆ ಬ್ಯಾಟರಿ ಇಳೀತದೆ ಟೀಚರ್" ಎಂದು ಎಚ್ಚರಿಸಿದರು. ನಮ್ಮ ಯಜಮಾನರನ್ನು ಕೇಳಿದರೆ ಅವರು ನನ್ನ ಕಡೆ ಬೆರಳು ತೋರಿಸಿ ಪೇಪರಿನೊಳಗೆ ಮುಖ ಮುಚ್ಚಿಕೊಳ್ಳುತ್ತಾರೆ. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿದವಳು ನಾನು. ಸ್ಕೂಟರಿಗೆ ಆಯಾಸವಾಗುವುದಿಲ್ಲ ಎಂದು ತಿಳಿಯದವಳೇನಲ್ಲ. ಆದರೂ ಸೋಮವಾರ ಯಾರಾದರೂ ಅದರ ಕಿಕ್ ಮೇಲೆ ಕಾಲಿಟ್ಟರೆ ನನ್ನ ಹೆಗಲು ನೋಯುತ್ತದೆ.

ಇದೊಂದೇ ಅಲ್ಲ ನನ್ನ ಹುಚ್ಚು. ಬಸ್ಸು ಏರು ಹತ್ತುವಾಗ ನನಗರಿವಿಲ್ಲದೆಯೇ ಸೀಟಿನ ಅಂಚಿಗೆ ಸರಿದು, ಮುಂದಿನ ಕಂಬಿ ಹಿಡಿದು ಅರ್ಧ ಎದ್ದು ನಿಂತಿರುತ್ತೇನೆ, ಭಾರ ಕಡಿಮೆಯಾಗಲಿ ಎಂದು! ಒಮ್ಮೆ ಶಿರಸಿಯಲ್ಲಿ ಆಟೋ ಒಂದು ದಿಬ್ಬದಲ್ಲಿ ಏದುಸಿರು ಬಿಟ್ಟಾಗ ನಿಲ್ಲಿಸಿ ಇಳಿದೇಬಿಟ್ಟೆ. ಆಟೋದವನು ಗಾಬರಿಯಾಗಿ, "ಯಾಕಮ್ಮಾ, ನಾನು ಓಡಿಸೋದು ಸರಿ ಬರಲಿಲ್ವಾ?" ಎಂದ. ನೀನು ನಡೆಯಪ್ಪ, ದಿಬ್ಬದ ತುದಿಯಲ್ಲಿ ಮತ್ತೆ ಹತ್ತಿಕೊಳ್ಳುತ್ತೇನೆ ಎಂದೆ. ಅವನು ಮೇಲೆ ಕಾದು ನಿಂತದ್ದು ಅವನ ದೊಡ್ಡಗುಣ. ಎತ್ತಿನ ಗಾಡಿಯಲ್ಲಿ ಬೆಳೆದವರಿಗೆ ಇದು ರೂಢಿ. ಏರು ಬಂದರೆ ಇಳಿಯಬೇಕು. ಬಾಣಂತಿಯರು, ತೀರಾ ಮುದುಕರು, ಕಾಲು ಮುರಿದವರು ಮಾತ್ರ ಕೂತಿರಬಹುದು. ನನ್ನ ಸೋದರಮಾವನೊಬ್ಬ, ಹೋಳಿಗೆ ಊಟ ಮಾಡಿದ ದಿನ ತನ್ನನ್ನೂ ಬಾಣಂತಿಯೆಂದೇ ತಿಳಿಯಬೇಕು ಎಂದು ವಾದಿಸುತ್ತಿದ್ದ. ಅಪ್ಪ ಅವನನ್ನೂ ಇಳಿಸುತ್ತಿದ್ದ.

ಅಪ್ಪನ ಹೆಸರು ಬಸಪ್ಪ. ನಮ್ಮ ಊರು ಶಿರಸಿಯಿಂದ ಮೂಡಣಕ್ಕೆ, ಬನವಾಸಿಯ ಹತ್ತಿರ. ಹಾವೇರಿಯವರು ನಮ್ಮನ್ನು ಮಲೆನಾಡಿನವರು ಎನ್ನುತ್ತಿದ್ದರು, ಸಿದ್ದಾಪುರದವರು ಬಯಲುಸೀಮೆಯವರು ಎನ್ನುತ್ತಿದ್ದರು. ನಮ್ಮ ಅಕ್ಕಿ ಮಾತ್ರ ಎರಡೂ ಕಡೆಯವರಿಗೆ ಬೇಕಾಗುತ್ತಿತ್ತು. ನಾವು ಮುಂಬಯಿ ಸರ್ಕಾರದಿಂದ ಮೈಸೂರು ಸರ್ಕಾರಕ್ಕೆ ಬಂದು ಎರಡೋ ಮೂರೋ ವರ್ಷವಾಗಿತ್ತು. ಯಾವುದಾದರೂ ಹೊಸ ಕಾನೂನು ಕಿವಿಗೆ ಬಿದ್ದರೆ ನಮ್ಮ ಅಜ್ಜಿ, "ಮುಂಬಯಿಯವ್ರು ಹೇಳ್ಯಾರೋ ಮೈಸೂರವ್ರು ಹೇಳ್ಯಾರೋ, ಮೊದಲ ಅದನ್ನ ಕೇಳ್ರಿ" ಎನ್ನುತ್ತಿದ್ದಳು. ಯಾರು ಹೇಳಿದ್ದರೂ ಆಕೆ ನಡೆಸುತ್ತಿದ್ದದ್ದು ತನ್ನ ಕಾನೂನನ್ನೇ. ಅದರ ಮೊದಲ ಕಲಮು, ಸೋಮವಾರ ಎತ್ತು ಹೂಡಬಾರದು.

ಸೋಮವಾರ ಬಸವಣ್ಣನ ವಾರ. ಅಂದು ನಮ್ಮ ಎತ್ತುಗಳ ಹೆಗಲಿಗೆ ನೊಗ ತಾಕುವಂತಿಲ್ಲ. ಬೆಳಿಗ್ಗೆ ಅವುಗಳನ್ನು ವರದಾ ಹೊಳೆಗೆ ಒಯ್ದು, ಹುಲ್ಲಿನ ಸಿಂಬಿಯಿಂದ ಮೈ ತಿಕ್ಕಿ, ಬಂದ ಮೇಲೆ ಹಣೆಗೆ ವಿಭೂತಿ ಹಚ್ಚಿ, ಬೇಯಿಸಿದ ಹುರುಳಿ ಇಟ್ಟು, ಆಮೇಲೆ ಮನೆಯವರ ಊಟ. ವಾರದಲ್ಲಿ ಒಂದು ದಿನ ರಜೆ ಎಂಬುದು ನನಗೆ ಶಾಲೆಗೆ ಹೋಗುವ ಮೊದಲೇ ಗೊತ್ತಿತ್ತು. ಭಾನುವಾರ ಮನುಷ್ಯರಿಗೂ ಕೊಡುತ್ತಾರೆ ಎಂದು ಶಾಲೆಯಲ್ಲಿ ತಿಳಿಯಿತು.

ಎತ್ತುಗಳ ಹೆಸರು ಕೆಂಚ ಮತ್ತು ಮೈಲ. ಕೆಂಚ ಇಟ್ಟಿಗೆ ಬಣ್ಣದವನು, ಮೈಲ ಬೂದು ಬಣ್ಣದವನು. ಜೋಡಿ ಎತ್ತು ಎಂದರೆ ಒಂದೇ ಬಣ್ಣ, ಒಂದೇ ಎತ್ತರ ಇರಬೇಕೆಂಬುದು ಊರಿನ ಶೋಕಿ. ನಮ್ಮ ಗಾಡಿ ಹೋಗುವಾಗ ಕಟ್ಟೆಯ ಮೇಲೆ ಕೂತವರು, "ಬಸಪ್ಪಾ, ಒಂದು ನಿಂದು, ಇನ್ನೊಂದು ಯಾರ್ದು?" ಎಂದು ಛೇಡಿಸುತ್ತಿದ್ದರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ. ಅವನು ಮಾತು ಕಡಿಮೆಯ ಮನುಷ್ಯ. ಆಡಿದ ಮಾತು ಕಡಿಮೆಯಾದ್ದರಿಂದಲೋ ಏನೋ, ಆಡಿದ್ದನ್ನು ಎಂದೂ ತಪ್ಪುತ್ತಿರಲಿಲ್ಲ.

ಆದರೆ ಒಂದು ಮಳೆಗಾಲದಲ್ಲಿ ಅವನು ಸೋಮವಾರವನ್ನೇ ತಪ್ಪಿದ. ವರದೆ ಉಕ್ಕಿ ದಾರಿ ಕಟ್ಟಿತ್ತು, ಯಾರೂ ಸಂತೆಗೆ ಹೋಗಿರಲಿಲ್ಲ. ಸಂತೆ ತಪ್ಪಿದರೆ ನಮಗೆ ವಾರದ ಲೆಕ್ಕವೂ ತಪ್ಪುತ್ತಿತ್ತು. ಭಾನುವಾರವೆಂದು ತಿಳಿದು ಅಪ್ಪ ಗದ್ದೆಗೆ ಇಳಿದಿದ್ದ. ಅರ್ಧ ಗದ್ದೆ ಹೂಡಿದ್ದಾನೆ, ಬಿಲ್ವಪತ್ರೆ ಹಿಡಿದು ಗುಡಿಗೆ ಹೊರಟವರೊಬ್ಬರು ಬದುವಿನ ಮೇಲೆ ನಿಂತು, "ಏ ಬಸಪ್ಪಾ, ಇವತ್ತ ಸೋಮಾರ ಐತೋ!" ಎಂದು ಕೂಗಿದರಂತೆ. ಅಪ್ಪ ನಿಂತಲ್ಲೇ ನೇಗಿಲು ಬಿಟ್ಟು ಬಂದ. ಅಜ್ಜಿ ಅವನಿಗೆ ಅಂದು ಊಟ ಹಾಕಲಿಲ್ಲ. ಎರಡೂ ಎತ್ತುಗಳ ಕಾಲು ಮುಟ್ಟಿಸಿ, "ತಪ್ಪಾತ ಬಸವಣ್ಣ" ಎನ್ನಿಸಿದಳು. ಕೆಂಚ ಅದೇ ಹೊತ್ತಿಗೆ ಅಪ್ಪನ ತಲೆಯ ರುಮಾಲನ್ನು ನಾಲಗೆಯಿಂದ ಎಳೆದು ಅರ್ಧ ತಿಂದ. ಕ್ಷಮಿಸಿದೆ ಎಂದು ಅಜ್ಜಿ ಅರ್ಥ ಮಾಡಿದಳು.

ಮತ್ತೆ ಹೀಗಾಗಬಾರದೆಂದು ನಮ್ಮ ಮನೆಗೆ ಪಂಚಾಂಗ ಬಂತು. ಶಿರಸಿಯಲ್ಲಿ ಅಪ್ಪ ಅಕ್ಕಿ ಹಾಕುತ್ತಿದ್ದ ಅಂಗಡಿಯ ಸಾಹುಕಾರರು ತಮ್ಮ ಗಿರಾಕಿಗಳಿಗೆ ಹಂಚುತ್ತಿದ್ದ ತೂಗುಪಂಚಾಂಗ ಅದು. ಮೇಲೆ ಶಿವಪಾರ್ವತಿಯರ ಚಿತ್ರ, ಕೆಳಗೆ ಅಂಗಡಿಯ ಹೆಸರು, ನಡುವೆ ದಿನಕ್ಕೊಂದು ಹರಿಯುವ ಹಾಳೆಗಳ ಕಟ್ಟು. ತಂದದ್ದೇನೋ ಆಯಿತು, ಓದುವವರು ಯಾರು? ಅಪ್ಪನಿಗೆ ಅಕ್ಷರ ಬಾರದು. ಅಜ್ಜಿಗೆ ಬೇಕಿಲ್ಲ. ಅವ್ವ ಅಂಗಡಿಯ ಪೊಟ್ಟಣ ಬಿಡಿಸಿ ಓದುವಷ್ಟು ಕಲಿತವಳಾದರೂ ಬೆಳಗಿನ ಹೊತ್ತು ಆಕೆಗೆ ಒಲೆಯಿಂದ ತಲೆಯೆತ್ತಲು ಬಿಡುವಿಲ್ಲ. ಹೀಗಾಗಿ ಆ ಅಧಿಕಾರ ನನ್ನ ಪಾಲಿಗೆ ಬಂತು. ನಾನು ಗಂಗವ್ವ, ಆಗ ಮೂರನೇ ಇಯತ್ತೆ.

ದಿನಾ ಬೆಳಿಗ್ಗೆ ಮುಖ ತೊಳೆದು ಬಂದು ನಿನ್ನೆಯ ಹಾಳೆ ಹರಿಯಬೇಕು. ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಏನ್ ವಾರ ಐತಿ ಗಂಗೀ?" ಎಂದು ಕೇಳುತ್ತಿದ್ದ. ನಾನು ದೊಡ್ಡ ದನಿಯಲ್ಲಿ ಓದಿದ ಮೇಲೆಯೇ ಅವನು ನೊಗ ಮುಟ್ಟುತ್ತಿದ್ದದ್ದು. ಸೋಮವಾರ ಎಂದರೆ ಮುಟ್ಟುತ್ತಿರಲಿಲ್ಲ. ಇಡೀ ಶಾಲೆಯಲ್ಲಿ ಎರಡು ಎತ್ತು, ಒಬ್ಬ ಅಪ್ಪ ನನ್ನ ಮಾತಿನಂತೆ ನಡೆಯುತ್ತಾರೆ ಎಂದು ಹೇಳಿಕೊಳ್ಳಬಹುದಾದವಳು ನಾನೊಬ್ಬಳೇ ಇದ್ದೆ. ಹೇಳಿಕೊಳ್ಳುತ್ತಲೂ ಇದ್ದೆ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ, ಸುಗ್ಗಿಯ ಹೊತ್ತಿಗೆ, ಅವ್ವ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು. ಅದೇ ಸಮಯಕ್ಕೆ ಹಳೆಯ ನೊಗ ಸೀಳಿ ಹೊಸದನ್ನು ಮಾಡಿಸಬೇಕಾಯಿತು. ಅಜ್ಜ ಇದ್ದಾಗ ಹೊಸ ನೊಗ ಬಂದರೆ ಕಣ್ಣು ಮುಚ್ಚಿ ಅದರ ಉದ್ದಕ್ಕೂ ಅಂಗೈ ಆಡಿಸುತ್ತಿದ್ದನಂತೆ. ಕಣ್ಣಿಗೆ ಕಾಣದ ಗಂಟು ಕೈಗೆ ಸಿಗುತ್ತದೆ ಎಂದು ಅವನ ನಂಬಿಕೆ. ಸುಗ್ಗಿಯ ಅವಸರದಲ್ಲಿ ಅಪ್ಪ ಅಂಗೈ ಆಡಿಸಲಿಲ್ಲ. ನೊಗ ತಂದವನೇ ಗಾಡಿ ಹೂಡಿದ. ನಾಲ್ಕೈದು ದಿನ ಗದ್ದೆಯಿಂದ ಕಣಕ್ಕೆ ಹೊರೆ ಹೇರಿದ.

ಸೋಮವಾರ ಹೊಳೆಯಲ್ಲಿ ಮೈ ತಿಕ್ಕುವಾಗ ಕೆಂಚ ಒಮ್ಮೆಲೇ ಕೊಸರಿದ. ನಾನು ಸಿಂಬಿ ತೆಗೆದು ನೋಡಿದೆ. ಹಿಣಿಲಿನ ಮುಂದೆ, ನೊಗ ಕೂರುವ ಜಾಗದಲ್ಲಿ ನನ್ನ ಅಂಗೈಯಷ್ಟು ಚರ್ಮ ಎದ್ದು ಹೋಗಿತ್ತು. ಕೆಂಪಗೆ, ಹಸಿಹಸಿ. ನೊಣ ಕೂರುತ್ತಿತ್ತು. ಅಷ್ಟು ದೊಡ್ಡ ಎತ್ತು ಚರ್ಮವನ್ನು ಕಂಪಿಸಿ ಕಂಪಿಸಿ ನೊಣ ಓಡಿಸಲು ನೋಡುವುದನ್ನು ಕಂಡು ನನಗೆ ಅಳು ಬಂತು. "ಅಪ್ಪಾ" ಎಂದೆ. ಅಪ್ಪ ಬಂದು ನೋಡಿದ. ಮನೆಗೆ ಬಂದವನೇ ನೊಗದ ಮೇಲೆ ಕೈಯಾಡಿಸಿದ. ಎಡಗಡೆ, ಕೆಂಚನ ಹೆಗಲ ಮೇಲೆ ಬರುವಲ್ಲಿ, ಕಡಲೆಕಾಳಿನಷ್ಟು ಗಂಟು. ಅಷ್ಟೇ.

ಅಂದು ಮಧ್ಯಾಹ್ನ ಅಪ್ಪ ಮತ್ತು ಅಜ್ಜಿ ಮಾತಾಡಿದ್ದು ನನಗೆ ಇಂದೂ ನೆನಪಿದೆ. ಮರುದಿನ ಮಂಗಳವಾರ, ಶಿರಸಿ ಸಂತೆ. ಸಂತೆಗೆ ಅಕ್ಕಿ ತಂದು ಇಳಿಸುತ್ತೇನೆ ಎಂದು ಅಪ್ಪ ಸಾಹುಕಾರರಿಗೆ ಮಾತು ಕೊಟ್ಟಿದ್ದ. ಚೀಲಗಳು ಪಡಸಾಲೆಯಲ್ಲಿ ಕಟ್ಟಿಟ್ಟಿದ್ದವು. ಸುಗ್ಗಿಯಲ್ಲಿ ಯಾರ ಎತ್ತೂ ಎರವಲು ಸಿಗುವಂತಿರಲಿಲ್ಲ.

"ಒಂದ ದಿನದ ಮಾತವ್ವ. ಕಂಬಳಿ ತುಂಡು ಹಾಕಿ ಕಟ್ಟತೇನಿ," ಎಂದ ಅಪ್ಪ.

"ಹಸಿ ಹುಣ್ಣಿನ ಮ್ಯಾಲ ಹದಿನಾಲ್ಕು ಮೈಲಿ? ಹೆಗಲ ಕೆಟ್ಟರ ಅದು ಮತ್ತ ನೊಗಕ್ಕ ಕೊರಳ ಕೊಡೂದಿಲ್ಲ. ಕೊರಳ ಕೊಡದ ಎತ್ತ ಎಲ್ಲಿಗೆ ಹೊಕ್ಕೇತಿ, ನಿನಗ ನಾ ಹೇಳಬೇಕೇನ?"

"ಮಾತ ಕೊಟ್ಟೇನಿ."

ಮಾತಿಗೆ ತಪ್ಪು ಎಂದು ಮಗನಿಗೆ ಹೇಳುವ ತಾಯಿ ಅಜ್ಜಿಯಲ್ಲ. ನನಗೋ, ಕೊರಳು ಕೊಡದ ಎತ್ತುಗಳು ಎಲ್ಲಿಗೆ ಹೋಗುತ್ತವೆ ಎಂಬುದು ಗೊತ್ತಿತ್ತು. ನಮ್ಮ ಓಣಿಯ ಕೊನೆಯ ಮನೆಯವರ ಎತ್ತು ಹಾಗೇ ಸಂತೆಗೆ ಹೋಗಿತ್ತು. ಅದನ್ನು ಕೊಂಡವರು ಹೊಲ ಗದ್ದೆ ಇದ್ದವರಾಗಿರಲಿಲ್ಲ. ಕೆಂಚನೂ ಹಾಗೆ ಹೋಗುತ್ತಾನೆ ಎಂದು ಯೋಚಿಸಿ ಅಂದು ನನ್ನ ಪಾಲಿನ ರೊಟ್ಟಿಯನ್ನು ಅವನಿಗೇ ತಿನ್ನಿಸಿಬಿಟ್ಟೆ.

ಬೆಳಿಗ್ಗೆ ಎದ್ದು ಪಂಚಾಂಗದ ಮುಂದೆ ನಿಂತೆ. ಸೋಮವಾರದ ಹಾಳೆ ಹಿಡಿದೆ. ಕೈ ಬರಲಿಲ್ಲ. ಇದನ್ನು ನಾನು ದೊಡ್ಡ ಉಪಾಯ ಮಾಡಿ ಮಾಡಿದೆ ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಹರಿಯಲು ಧೈರ್ಯವಾಗಲಿಲ್ಲ, ಅಷ್ಟೇ. ಅಪ್ಪ ಕೊಟ್ಟಿಗೆಯ ಬಾಗಿಲಿಂದ ಕೇಳಿದ. "ಏನ್ ವಾರ ಐತಿ ಗಂಗೀ?"

"ಸೋಮಾರ," ಎಂದೆ.

ಹೊರಗೆ ಸಂತೆಯ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಗೆಜ್ಜೆಯ ಸದ್ದು, ಬಾರುಕೋಲಿನ ಸದ್ದು, ಬಾಳೆಗೊನೆಯವರ ಕೂಗು ಎಲ್ಲವೂ ಕೇಳುತ್ತಿದ್ದವು. ಅಪ್ಪ ಬಾಗಿಲಲ್ಲೇ ನಿಂತ. ಅಜ್ಜಿ ಲಿಂಗಪೂಜೆಗೆ ಕೂತಿದ್ದಳು. ಕಣ್ಣು ತೆರೆಯದೆಯೇ, "ಪಂಚಾಂಗದಾಗ ಸೋಮಾರ ಇದ್ರ ಸೋಮಾರ. ನಿಂದ ಏನೈತಿ ಅದರಾಗ?" ಎಂದಳು. ಅಪ್ಪ ಸ್ವಲ್ಪ ಹೊತ್ತು ಪಂಚಾಂಗ ನೋಡಿದ. ಆಮೇಲೆ ನೊಗವನ್ನು ಗೋಡೆಗೆ ಒರಗಿಸಿಟ್ಟು ಹೊರಗೆ ಹೋದ. ಪಕ್ಕದ ಮನೆಯ ಗಾಡಿಯವನು, "ಯಾಕೋ, ಬರೂದಿಲ್ಲೇನ?" ಎಂದು ಕೂಗಿದ್ದಕ್ಕೆ, "ನಮ್ಮನ್ಯಾಗ ಇವತ್ತ ಸೋಮಾರ ಐತಿ. ಸಾವ್ಕಾರ್ರಿಗೂ ಹಂಗ ಹೇಳಿಬಿಡು," ಎಂದ. ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದ ಹಾಗೆ ಎಲ್ಲವೂ ಮುಗಿಯಿತು. ನನಗೆ ಎಷ್ಟು ನಿರಾಳವಾಯಿತೆಂದರೆ, ಓಡಿ ಹೋಗಿ ಕೆಂಚನ ಮುಖಕ್ಕೆ ಮುಖ ಹಚ್ಚಿ ನಿಂತೆ. ಅವನು ನನ್ನ ಜಡೆಯ ಟೇಪು ತಿಂದ.

ನಿರಾಳ ಶಾಲೆಯ ತನಕ ಮಾತ್ರ. ನಮ್ಮ ಮಾಸ್ತರರು ಸಿದ್ದಾಪುರದ ಕಡೆಯವರು, ತ್ಯಾಗಲಿಯ ಭಟ್ಟರು. ಅವರು ಬಂದವರೇ ಹಲಗೆಯ ಮೇಲೆ ದುಂಡಗೆ "ಮಂಗಳವಾರ" ಎಂದು ಬರೆದರು. ದಿನಾ ಬರೆಯುವುದೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಜೋರಾಗಿ ಅತ್ತೆ. ಅಕ್ಷರ ಬಾರದ ಅಪ್ಪ ನನ್ನನ್ನು ನಂಬಿ ಕೇಳಿದ್ದ. ನಾನು ಅವನಿಗೇ ಮೋಸ ಮಾಡಿದ್ದೆ. ಮಾಸ್ತರರು ಹೊರಗೆ ಕರೆದು ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಪಾಠ ಹೇಳುವಾಗ ಪುಸ್ತಕದ ಕನ್ನಡ ಆಡುತ್ತಿದ್ದರು. ಮನಸ್ಸು ಕದಡಿದಾಗ ಮಾತ್ರ ಮನೆಯ ಹವ್ಯಕ ಮಾತು ಬರುತ್ತಿತ್ತು. "ಅಳಡ ತಂಗಿ. ಆನು ಸಂಜಿಗೆ ಬಂದು ನೋಡ್ತೆ," ಎಂದು ಸಮಾಧಾನ ಮಾಡಿದರು.

ಸಂಜೆ ನಿಜವಾಗಿಯೂ ಬಂದರು. ಇನ್ನು ನನ್ನ ಗುಟ್ಟು ಒಡೆಯಿತು ಎಂದು ನಾನು ಅಕ್ಕಿ ಚೀಲಗಳ ಹಿಂದೆ ಅಡಗಿದೆ. ಮಾಸ್ತರರು ಮೊದಲು ಕೊಟ್ಟಿಗೆಗೆ ಹೋಗಿ ಕೆಂಚನ ಹೆಗಲು ನೋಡಿದರು. ಬಹಳ ಹೊತ್ತು ನೋಡಿದರು. ಒಳಗೆ ಬಂದಾಗ ಅಪ್ಪ ಅವರಿಗೆ ಕಂಬಳಿ ಹಾಸಿ, "ಮಾಸ್ತರ್ರ, ನೀವು ಪಂಚಾಂಗ ಬಲ್ಲವ್ರು. ಇವತ್ತ ಯಾವ ವಾರರಿ?" ಎಂದು ಕೇಳಿಯೇಬಿಟ್ಟ.

ಮಾಸ್ತರರು ಪಂಚಾಂಗದ ಕಡೆ ನೋಡಿದರು. ಚೀಲದ ಸಂದಿನಿಂದ ನೋಡುತ್ತಿದ್ದ ನನ್ನ ಕಡೆಯೂ ನೋಡಿದರು.

"ನಿಮ್ಮನೆ ಪಂಚಾಂಗದಲ್ಲಿ ಎಂತ ಇದ್ದು?"

"ಸೋಮಾರ ಅಂತಾಳ್ರಿ ಹುಡುಗಿ."

"ಹಾಂಗಾರೆ ಸೋಮವಾರನೆ. ಅಧಿಕ ಮಾಸ ಹೇಳಿ ಇದ್ದು. ತಿಥಿನೂ ಒಂದೊಂದು ಸಲ ಎರಡೆರಡು ದಿನ ಬತ್ತು. ಅಧಿಕ ಸೋಮವಾರ ಇಪ್ಲಾಗ ಹೇಳಿ ಯಾವ ಶಾಸ್ತ್ರದಲ್ಲಿದ್ದು?" ಅಂಥದು ಇರಬಾರದೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ ಎಂದು ಅವರ ವಾದ.

ಅಜ್ಜಿ ಒಳಗಿನಿಂದ ಅವರಿಗೆ ಎರಡನೇ ಬಾರಿ ಬೆಲ್ಲ ನೀರು ತಂದಿಟ್ಟಳು. ನಮ್ಮ ಮನೆಯಲ್ಲಿ ಎರಡನೇ ಬಾರಿ ಬೆಲ್ಲ ಸಿಗುವುದು ಬೀಗರಿಗೆ ಮಾತ್ರ. ಮಾಸ್ತರರು ಹೊರಡುವಾಗ, ಊರಿಂದ ತಂದಿಟ್ಟುಕೊಂಡಿದ್ದ ಹೊನ್ನೆ ಎಣ್ಣೆಯ ಸೀಸೆ ಕೊಟ್ಟರು. ತಮ್ಮ ಊರಲ್ಲಿ ಗದ್ದೆ ಹೂಡುವುದು ಕೋಣಗಳೆಂದೂ, ಅವಕ್ಕೆ ಸೋಮವಾರವಿಲ್ಲವೆಂದೂ ಹೇಳಿದರು. ಅಂದಿನಿಂದ ಬಹಳ ದಿನ ನಾನು ಸಿದ್ದಾಪುರದ ಕೋಣಗಳಿಗಾಗಿ ಮರುಗಿದೆ.

ಸೋಮವಾರ ಹೀಗೆ ಮುಂದುವರಿಯಿತು. ದಿನಾ ಬೆಳಿಗ್ಗೆ ಅಪ್ಪ ಕೇಳುತ್ತಿದ್ದ, ನಾನು ಸೋಮವಾರ ಎನ್ನುತ್ತಿದ್ದೆ. ಎತ್ತುಗಳಿಗೆ ಸೋಮವಾರವಾದರೆ ಅಪ್ಪನಿಗೆ ಏಳೂ ವಾರ. ಗದ್ದೆಯಿಂದ ಹುಲ್ಲಿನ ಹೊರೆ ತಲೆ ಮೇಲೆ ಹೊತ್ತು ತಂದ. ಕಟ್ಟಿಗೆ ಹೊತ್ತ. ನೀರಿನ ಹಂಡೆ ಹೊತ್ತ. ಬಿಡುವಾದಾಗ ನೊಗವನ್ನು ತೊಡೆಯ ಮೇಲಿಟ್ಟುಕೊಂಡು ಗಾಜಿನ ಚೂರಿನಿಂದ ಹೆರೆಯುತ್ತ ಕೂರುತ್ತಿದ್ದ. ಆ ಗಂಟು ಮೊದಲನೇ ದಿನವೇ ಹೋಗಿತ್ತು. ಆದರೂ ಹೆರೆಯುವುದನ್ನು ಬಿಡಲಿಲ್ಲ. ಮೈಲನಿಗೆ ಹೆಗಲೂ ನೋಯುತ್ತಿರಲಿಲ್ಲ, ಕೆಲಸವೂ ಇರಲಿಲ್ಲ. ಪುಕ್ಕಟೆ ಹುರುಳಿ ತಿಂದು ಎಮ್ಮೆಯಂತಾದ.

ಗುರುವಾರ ಸಾಹುಕಾರರೇ ಬಂದರು. ಬನವಾಸಿ ಬಸ್ಸಿನಿಂದ ಇಳಿದು, ಕೋಟಿನ ಮೇಲೆ ಕೆಂಪು ಧೂಳು ಹೊತ್ತು, ಕೊಡೆಯನ್ನು ಕೋಲಿನಂತೆ ಹಿಡಿದು ಅಂಗಳಕ್ಕೆ ಬಂದರು. ನಾನು ಮೊದಲ ಸಲ ಅವರನ್ನು ನೋಡಿದ್ದು.

"ಬಸಪ್ಪಾ, ಮಾತಂದ್ರ ಮಾತು ಅಂತ ಸಂತೀ ತುಂಬ ನಿನ್ನ ಹೆಸರ ಹೇಳತಿದ್ದೆ. ಹೇಳಿಕಳಿಸಿದ್ದೇನು? ಸೋಮಾರ ಅಂತ! ಮಂಗಳವಾರ ಸಂತ್ಯಾಗ ನಿಂತು ನಾ ಸೋಮಾರ ಅಂತ ಕೇಳಬೇಕಾತು. ಜನ ನಕ್ಕರು."

ಅಪ್ಪ ಕೈ ಮುಗಿದ. "ಪಂಚಾಂಗ ನಿಮ್ಮದರಿ. ಓದೂದು ನಮ್ಮ ಮಗಳು. ಅಕ್ಷರ ಬಾರದಾಂವ ನಾನು, ನನಗೇನ ಗೊತ್ತಾಗತೈತ್ರಿ?"

ಆ ಮಾತು ನನ್ನ ಎದೆಗೆ ಮುಳ್ಳಿನ ಹಾಗೆ ನಾಟಿತು. ಪಾಪ, ಅಪ್ಪ ನಿಜವಾಗಿಯೂ ನಂಬಿದ್ದಾನೆ ಎಂದುಕೊಂಡೆ. ನೀವು ಆಗಲೇ ಏನೋ ಅಂದುಕೊಂಡಿರುತ್ತೀರಿ. ನನಗೆ ಆಗ ಹತ್ತು ವರ್ಷ, ಬುದ್ಧಿಯೂ ಅಷ್ಟೇ.

ಸಾಹುಕಾರರು ನನ್ನ ಕಡೆ ತಿರುಗಿದರು. "ಏನ್ ವಾರ ಇವತ್ತ?"

ಮಂಗಳವಾರ, ಬುಧವಾರ, ಗುರುವಾರ ಮೂರೂ ಒಟ್ಟಿಗೆ ಬಾಯಿಗೆ ಬಂದವು. ಅಷ್ಟರಲ್ಲಿ ಕೊಟ್ಟಿಗೆಯಲ್ಲಿ ಕೆಂಚ ಕೆಮ್ಮಿದ.

"ಸೋಮಾರರಿ," ಎಂದೆ.

"ಯಾರ ಹೇಳಿದ್ರು?"

"ನಿಮ್ಮ ಪಂಚಾಂಗರಿ."

ಅವರು ಗೋಡೆಯ ಹತ್ತಿರ ಹೋದರು. ಅಂಚು ಸುರುಳಿಯಾದ ಸೋಮವಾರದ ಹಾಳೆ, ಅದರ ಕೆಳಗೆ ಅವರದೇ ಅಂಗಡಿಯ ಹೆಸರು. ಅಪ್ಪ ಮೆಲ್ಲಗೆ, "ಒಂದಸಲ ಕೊಟ್ಟಿಗಿಗೆ ಬರ್ರಿ ಸಾವ್ಕಾರ್ರ," ಎಂದ.

ಹೋದರು. ಚಪ್ಪಲಿ ಬಿಟ್ಟು ಒಳಗೆ ಹೋದರು ಎಂಬುದನ್ನು ನಾನು ಗಮನಿಸಿದೆ. ಹುಣ್ಣಿನ ಸುತ್ತ ಬೆರಳಿನಿಂದ ಒತ್ತಿ ನೋಡಿದರು, ಅದರ ಬಿಸಿ ಎಲ್ಲಿಯವರೆಗೆ ಇದೆ ಎಂದು. ಅಂಗಡಿಯ ಗಾದಿಯ ಮೇಲೆ ಕೂತವರಿಗೆ ಹಾಗೆ ನೋಡಲು ಬರುವುದಿಲ್ಲ. ಕೆಂಚ ಅವರ ಕೈಯಲ್ಲಿ ಕೊಸರಲೂ ಇಲ್ಲ. ಆಮೇಲೆ ಕೆಂಚನಿಗೇ ಹೇಳುವ ಹಾಗೆ ಮಾತಾಡಿದರು.

"ನಾನೂ ಗಾಡಿ ಹೊಡದವನ. ಶಿರಸಿಯಿಂದ ಕುಮಟಾಕ್ಕ, ಬರುವಾಗ ಉಪ್ಪು. ನಂದೊಂದು ಬಿಳೇ ಎತ್ತಿತ್ತು. ಇದ ಜಾಗಾದಾಗ ಹಿಂಗ ಹುಣ್ಣಾಗಿತ್ತು. ಮಾತ ಕೊಟ್ಟೇನಿ ಅಂತ ಹೂಡಿದೆ. ಘಟ್ಟದ ಅರ್ಧಕ್ಕ ಮಲಗಿಬಿಡ್ತು. ಬೆನ್ನಮ್ಯಾಲೆ ಹೊಡದೆ. ನನ್ನ ಮುಖ ನೋಡಿತು ಹೊರತು ಏಳಲಿಲ್ಲ."

ಸಾಹುಕಾರರು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ನನ್ನ ತಲೆಯ ಮೇಲೆ ಕೈಯಿಟ್ಟು, "ಆಗ ನಮ್ಮನ್ಯಾಗ ಪಂಚಾಂಗ ಇರಲಿಲ್ಲ ತಾಯಿ," ಎಂದರು.

ಅಕ್ಕಿ ಎಲ್ಲಿಗೂ ಓಡಿಹೋಗುವುದಿಲ್ಲ, ಸೋಮವಾರ ಮುಗಿದ ಮೇಲೆ ತಂದರಾಯಿತು ಎಂದು ಅಪ್ಪನಿಗೆ ಹೇಳಿದರು. ಅಜ್ಜಿ ಊಟ ಮಾಡಿಸದೆ ಬಿಡಲಿಲ್ಲ. ಮರುದಿನ ಅದೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಶಿರಸಿಯ ದನದ ದವಾಖಾನೆಯ ಮುಲಾಮಿನ ಡಬ್ಬಿ ಬಂತು. ಯಾರು ಕಳಿಸಿದ್ದು ಎಂದು ಕಂಡಕ್ಟರ್ ಹೇಳಲಿಲ್ಲ, ನಾವು ಕೇಳಲೂ ಇಲ್ಲ.

ನಮ್ಮ ಮನೆಯಲ್ಲಿ ಆ ಸೋಮವಾರ ಹದಿನೈದು ದಿನ ನಡೆಯಿತು. ನಡುವೆ ಎರಡು ಸಲ ನಿಜವಾದ ಸೋಮವಾರವೇ ಬಂದುಹೋಯಿತು. ಆ ಎರಡು ದಿನ ಮಾತ್ರ ನಾನು ಎದೆ ಮೇಲೆ ಕೈಯಿಟ್ಟುಕೊಂಡು ವಾರ ಹೇಳಿದೆ. ಹುಣ್ಣು ಒಣಗಿ, ಹಕ್ಕಳೆ ಉದುರಿ, ಕೆಳಗೆ ಮಗುವಿನ ಚರ್ಮದಂಥ ಹೊಸ ಚರ್ಮ ಬಂತು. ಮುಂದಿನ ಸಂತೆಯನ್ನೂ ಬಿಟ್ಟು ಅದರ ಮುಂದಿನ ಸಂತೆಯ ಬೆಳಿಗ್ಗೆ ಅಪ್ಪ ಕೆಂಚನ ಹೆಗಲ ಮೇಲೆ ಕಣ್ಣು ಮುಚ್ಚಿ ಅಂಗೈ ಆಡಿಸಿದ. ಆಮೇಲೆ ನೊಗದ ಮೇಲೂ ಹಾಗೇ ಆಡಿಸಿದ. ಕೊಟ್ಟಿಗೆಯ ಬಾಗಿಲಿಂದ ಕೇಳಿದ. "ಏನ್ ವಾರ ಐತಿ ಗಂಗೀ?"

ನಾನು ಹದಿನೈದು ಹಾಳೆಗಳನ್ನು ಒಟ್ಟಿಗೆ ಹರಿದೆ. ಎಷ್ಟು ಸದ್ದಾಯಿತೆಂದರೆ ಅಜ್ಜಿ ಪೂಜೆಯಿಂದ ಕಣ್ಣು ತೆರೆದಳು. "ಮಂಗಳವಾರ!" ಎಂದೆ.

"ಹೌದಾ? ಹಂಗಾರ ಹೂಡಬಹುದು," ಎಂದ ಅಪ್ಪ.

ಅಂದು ನನ್ನನ್ನೂ ಗಾಡಿಯಲ್ಲಿ ಶಿರಸಿಗೆ ಕರೆದೊಯ್ದ. ಏರು ಬಂದಲ್ಲೆಲ್ಲ ಇಬ್ಬರೂ ಇಳಿದೆವು. ಅಪ್ಪ ಹಿಂದಿನಿಂದ ಗಾಡಿಗೆ ಭುಜ ಕೊಟ್ಟು ನೂಕಿದ. ಕಂಬಳಿ ಸುತ್ತಿದ ನೊಗಕ್ಕೆ ಕೆಂಚ ತಾನಾಗಿಯೇ ಕೊರಳು ಕೊಟ್ಟಿದ್ದ. ದಾರಿಯುದ್ದಕ್ಕೂ ಏದುಸಿರು ಬಿಟ್ಟವನು ಕೆಂಚನಲ್ಲ, ಕೊಬ್ಬಿದ ಮೈಲ.

ಕೆಂಚ ಮತ್ತೆ ಏಳೆಂಟು ವರ್ಷ ಗಾಡಿ ಎಳೆದ. ಅವನ ಕಷ್ಟ ಹೋಯಿತು, ನನ್ನದು ಉಳಿಯಿತು. ಓದು ಬಾರದ ಅಪ್ಪನಿಗೆ ಹನ್ನೆರಡು ದಿನ ಸುಳ್ಳು ಓದಿ ಹೇಳಿದ ಪಾಪ ನನ್ನ ತಲೆಯ ಮೇಲಿತ್ತು. ಶಿವರಾತ್ರಿಯ ಉಪವಾಸವನ್ನೆಲ್ಲ ಅದರ ಲೆಕ್ಕಕ್ಕೇ ಮಾಡುತ್ತಿದ್ದೆ. ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ದಿನಾ ಬೆಳಿಗ್ಗೆ ಅದೇ ನಂಬಿಕೆಯಿಂದ ಅವನು ವಾರ ಕೇಳುವಾಗ ಹೇಳುವುದು ಹೇಗೆ?

ನನ್ನ ಮದುವೆ ಅರವತ್ತರ ದಶಕ ಮುಗಿಯುವ ಹೊತ್ತಿಗೆ ಆಯಿತು. ಗಂಡ ಯಲ್ಲಾಪುರದಲ್ಲಿ ಮಾಸ್ತರರು. ಬೀಳ್ಕೊಡುವ ದಿನ ಕೆಂಚ ಕೊಟ್ಟಿಗೆಯಲ್ಲಿದ್ದ, ಮುದುಕನಾಗಿದ್ದ. ಅವನಿಗೆ ಆಗ ಏಳೂ ದಿನ ಸೋಮವಾರವೇ. ಅವನ ಮುಖಕ್ಕೆ ಮುಖ ಹಚ್ಚಿ ಬಂದೆ. ಈ ಸಲ ಸೆರಗು ತಿಂದ. ಅಪ್ಪ ಅಳಿಯನನ್ನು ಪಕ್ಕಕ್ಕೆ ಕರೆದ. ಮಗಳ ಬಗ್ಗೆ ಏನೋ ಬುದ್ಧಿ ಹೇಳುತ್ತಾನೆ ಎಂದು ಎಲ್ಲರೂ ಕಿವಿಗೊಟ್ಟರು.

"ಅಳಿಯಂದ್ರ, ಒಂದ ಮಾತು. ನಮ್ಮ ಗಂಗಿ ಸೋಮಾರ ಅಂದ್ರ ಅವತ್ತ ಸೋಮಾರ. ವಾದಾ ಮಾಡಬ್ಯಾಡ್ರಿ." ಆಮೇಲೆ ನನ್ನ ಕಡೆ ನೋಡಿ, "ನಾ ಮಾಡಿಲ್ಲ," ಎಂದ.

ಅಷ್ಟು ವರ್ಷದ ಭಾರ ಒಮ್ಮೆಲೇ ಇಳಿದು ನಾನು ಅಳುತ್ತಲೇ ನಕ್ಕುಬಿಟ್ಟೆ. ಬಂದವರು ತವರು ಬಿಡುವ ದುಃಖ ಎಂದುಕೊಂಡರು. ತಾನು ಹೇಳಲಾಗದ್ದನ್ನು ನನ್ನ ಬಾಯಿಂದ ಹೇಳಿಸಿಕೊಳ್ಳಲು ಅಪ್ಪ ಆ ಹದಿನೈದು ದಿನವೂ ಆ ಬಾಗಿಲಲ್ಲಿ ನಿಲ್ಲುತ್ತಿದ್ದ ಎಂದು ನನಗೆ ಅಂದು ತಿಳಿಯಿತು. ಮಾತಿಗೆ ತಪ್ಪಲಾರದ ಮನುಷ್ಯನಿಗೆ ನಾನು ಒಂದು ನೆಪ ಕೊಟ್ಟಿದ್ದೆ, ಅವನು ಎರಡೂ ಕೈಯಿಂದ ತೆಗೆದುಕೊಂಡಿದ್ದ.

ನಮ್ಮ ಯಜಮಾನರು ಅಂದಿನಿಂದ ಸೋಮವಾರದ ವಿಷಯದಲ್ಲಿ ವಾದ ಮಾಡಿದವರಲ್ಲ. ಬೇರೆ ಎಲ್ಲ ವಿಷಯದಲ್ಲೂ ಮಾಡುತ್ತಾರೆ. ಕಳೆದ ಗುರುವಾರ ಅವರ ಮಂಡಿ ಬಾತು ಕುಂಬಳಕಾಯಿಯಾಗಿತ್ತು. ಆದರೂ ಹೆಲ್ಮೆಟ್ ಹಾಕಿಕೊಂಡು, ಹಳೆಯ ಮಾಸ್ತರರೆಲ್ಲ ಸೇರುತ್ತಾರೆ, ಬರುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದು ಕುಂಟುತ್ತ ಸ್ಕೂಟರಿನ ಹತ್ತಿರ ಹೋದರು.

"ಇವತ್ತು ಸೋಮವಾರ," ಎಂದೆ.

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ನನ್ನನ್ನು ನೋಡಿದರು. ಕೀಲಿಯನ್ನು ಮೊಳೆಗೆ ತೂಗುಹಾಕಿ, ಮೆಲ್ಲಗೆ ಕುರ್ಚಿಯಲ್ಲಿ ಕೂತು, ಮಂಡಿ ನೀವಿಕೊಳ್ಳುತ್ತ ಫೋನು ತೆಗೆದರು.

"ಬರೋಕಾಗೋದಿಲ್ಲ ಮಾರಾಯ," ಎಂದರು. "ನಮ್ಮ ಮನೇಲಿ ಇವತ್ತು ಸೋಮವಾರ."